ಹೋಗಿ ಮರಳುವ ನಾದ

(ಸಂಘದ ರಾಜ್ಯೋತ್ಸವ ಸಂಗೀತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಗೀತದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಆದರೆ ಯಾವ ಸಂಗೀತವೆಂದು ನಾನು ಹೇಳಿದಾಗ ಅವರ ಹುಬ್ಬು ಸ್ವಲ್ಪ ಮೇಲಕ್ಕೇರಿತು. "ದಾಸರ ಪದಗಳಿವೆ, ವಾಸುದೇವಾಚಾರ್ಯರ ಕೃತಿಗಳಿವೆ. ಇವೆಲ್ಲವನ್ನೂ ಬಿಟ್ಟು, ರಾಜ್ಯೋತ್ಸವದ ದಿನ, ಮುನ್ನೂರು ವರ್ಷದ ಹಿಂದಿನ ಇಟಲಿಯ ಸಂಗೀತವೇ ಬೇಕೆ ನಿಮಗೆ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರ ಒಂದೇ ಮಾತು: ಪಿಟೀಲು.

ಪಿಟೀಲಿಲ್ಲದ ಕಚೇರಿಯನ್ನು ನಾವು ಇಂದು ಊಹಿಸಿಕೊಳ್ಳಲಾರೆವು. ಆದರೂ ಅದು ನಮ್ಮ ಮನೆಗೆ ಬಂದ ಸೊಸೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಕಾಲದಲ್ಲಿ, ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕನೊಬ್ಬನಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಅದೇ ಪಿಟೀಲಿಗೆ ನಮ್ಮ ತಿರುಮಕೂಡಲಿನ ಚೌಡಯ್ಯನವರು ಏಳು ತಂತಿ ಕಟ್ಟಿ ಮೆರೆಸಿದ್ದು ನಿಮಗೆಲ್ಲ ತಿಳಿದ ಕಥೆ. ಸೊಸೆ ಮನೆಯ ಒಡತಿಯಾದ ಮೇಲೆ ಅವಳ ತವರು ಹೇಗಿತ್ತು ಎಂದು ಒಮ್ಮೆ ವಿಚಾರಿಸುವುದು ತಪ್ಪಲ್ಲವಷ್ಟೆ? ಪಿಟೀಲು ತನ್ನ ತವರಿನಲ್ಲಿ ಮೊದಲು ಒಂಟಿಯಾಗಿ ಎದ್ದುನಿಂತು, ಸಭೆಯ ನಡುವೆ ತನ್ನ ಮಾತನ್ನು ತಾನೇ ಆಡಿದ ಸಂಗೀತರೂಪಗಳಲ್ಲಿ ಹಿರಿದಾದದ್ದು 'ಕಾನ್ಚೆರ್ಟೊ'. ಇವತ್ತಿನ ಮಾತು ಅದರದು. ನಾನು ಪಂಡಿತನಲ್ಲ, ಕೇಳುಗ. ಕೇಳಿ ಕಂಡುಕೊಂಡದ್ದನ್ನು ಹೇಳುತ್ತೇನೆ.

ಯುರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲಕ್ಕೆ 'ಬರೋಕ್' ಎಂಬ ಹೆಸರಿದೆ. ಓರೆಕೋರೆಯಾದ ಮುತ್ತು ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಇದು ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೊದಲು ಇದು ಬೈಗುಳ, ಆಮೇಲೆ ಬಿರುದಾಯಿತು. 'ಕಾನ್ಚೆರ್ಟೊ' ಎಂಬ ಮಾತಂತೂ ಇನ್ನೂ ಸ್ವಾರಸ್ಯದ್ದು. ಅದರ ಹಿಂದಿರುವ ಕ್ರಿಯಾಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಸ್ಪರ್ಧಿಸು, ವಾದಿಸು ಎಂಬ ಅರ್ಥ. ಅದರ ಮಗಳಾದ ಇಟಾಲಿಯನ್ ಭಾಷೆಯಲ್ಲಿ ಹೊಂದಿಕೊಳ್ಳು, ಕೂಡಿ ನಿಶ್ಚಯಿಸು ಎಂಬ ಅರ್ಥ. ಒಂದೇ ಪದದ ಹೊಟ್ಟೆಯಲ್ಲಿ ಜಗಳವೂ ಇದೆ, ಒಪ್ಪಂದವೂ ಇದೆ. ಈ ಸಂಗೀತದ ಗುಟ್ಟೆಲ್ಲ ಅಲ್ಲೇ ಅಡಗಿದೆ ಎಂದು ನನ್ನ ಭಾವನೆ. ಒಬ್ಬನು ಎಲ್ಲರಿಂದ ಬೇರೆಯಾಗಿ ನಿಂತು ಮಾತನಾಡಬೇಕು, ಆದರೆ ಸಭೆ ಮುರಿಯಬಾರದು. ಇದು ಸಾಧ್ಯವೆ? ಸಾಧ್ಯವಾದರೆ ಹೇಗೆ? ಈ ಪ್ರಶ್ನೆಗೆ ಆ ಕಾಲದ ಸಂಗೀತಗಾರರು ಕೊಟ್ಟ ಉತ್ತರವೇ ಏಕವಾದ್ಯದ ಕಾನ್ಚೆರ್ಟೊ.

ಉತ್ತರ ಒಂದೇ ದಿನದಲ್ಲಿ ಸಿಕ್ಕಲಿಲ್ಲ. ಮೊದಲು ರೋಮಿನ ಕೊರೆಲ್ಲಿ ಮುಂತಾದವರು ವಾದ್ಯವೃಂದದೊಳಗೇ ಎರಡು ಪಿಟೀಲು, ಒಂದು ಚೆಲ್ಲೊ ಸೇರಿದ ಪುಟ್ಟ ಗುಂಪೊಂದನ್ನು ದೊಡ್ಡ ಗುಂಪಿನ ಎದುರು ನಿಲ್ಲಿಸಿದರು. ಇದು ಗುಂಪಿಗೆ ಗುಂಪು ಮಾತನಾಡುವ ಬಗೆ. ಅಲ್ಲಿ ಒಬ್ಬನೇ ಎಂಬುದಿಲ್ಲ. ಬೊಲೊನ್ಯಾ ನಗರದ ಸಾನ್ ಪೆಟ್ರೋನಿಯೊ ಎಂಬ ವಿಶಾಲವಾದ ದೇವಾಲಯದಲ್ಲಿ ನುಡಿಸುತ್ತಿದ್ದ ಟೊರೆಲ್ಲಿ 1698ರಲ್ಲಿ ಅಚ್ಚಾದ ತನ್ನ ಕೃತಿಗಳಲ್ಲಿ, ಇಂತಿಂಥ ಕಡೆ ಒಬ್ಬನೇ ನುಡಿಸತಕ್ಕದ್ದು ಎಂದು ಗುರುತು ಹಾಕಿದ. 1700ರಲ್ಲಿ ವೆನಿಸ್ಸಿನ ಆಲ್ಬಿನೋನಿಯ ಕಾನ್ಚೆರ್ಟೊಗಳು ಅಚ್ಚಾದವು. ಆಮೇಲೆ 1711ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಕಾನ್ಚೆರ್ಟೊಗಳ ಒಂದು ಸಂಪುಟ ಹೊರಬಿತ್ತು. ಅದರ ಕರ್ತೃ ವೆನಿಸ್ಸಿನ ಆಂಟೋನಿಯೊ ವಿವಾಲ್ಡಿ. ಯುರೋಪೆಲ್ಲ ಕಿವಿ ನಿಮಿರಿಸಿ ಕೇಳಿತು.

ಈ ಕಾನ್ಚೆರ್ಟೊವಿನ ಕಟ್ಟಡ ಹೇಗೆ? ಸಾಧಾರಣವಾಗಿ ಮೂರು ಅಂಕಣ: ಮೊದಲನೆಯದು ದ್ರುತ, ನಡುವಿನದು ವಿಳಂಬ, ಕೊನೆಯದು ಮತ್ತೆ ದ್ರುತ. ದ್ರುತದ ಅಂಕಣ ಎಲ್ಲರೂ ಕೂಡಿ ನುಡಿಸುವ ಒಂದು ಗಟ್ಟಿಯಾದ ಹಾಡಿನಿಂದ ಆರಂಭವಾಗುತ್ತದೆ. ಅದಕ್ಕೆ 'ರಿಟೊರ್ನೆಲೊ' ಎಂದು ಹೆಸರು. ಹಾಗೆಂದರೆ 'ಪುಟ್ಟ ಮರಳಿಕೆ', ಮತ್ತೆ ಮತ್ತೆ ಮರಳಿ ಬರುವುದು ಎಂದರ್ಥ. ಆ ಹಾಡು ಮುಗಿಯುತ್ತಲೂ ವೃಂದ ಹಿಂದಕ್ಕೆ ಸರಿಯುತ್ತದೆ. ಒಂಟಿ ಪಿಟೀಲು ಹೊರಡುತ್ತದೆ. ಸ್ವಲ್ಪ ಹೊತ್ತು ಅದರ ವಿಹಾರ. ಮತ್ತೆ ರಿಟೊರ್ನೆಲೊ. ಮತ್ತೆ ವಿಹಾರ. ಹೀಗೆ ನಾಲ್ಕೈದು ಸಲ ಹೋಗಿ ಬಂದು, ಕೊನೆಗೆ ರಿಟೊರ್ನೆಲೊದಲ್ಲೇ ಮುಕ್ತಾಯ.

"ಓಹೋ, ಇದು ನಮ್ಮ ಪಲ್ಲವಿಯಲ್ಲವೆ!" ಎಂದು ನಿಮ್ಮಲ್ಲಿ ಕೆಲವರು ಆಗಲೇ ಅಂದುಕೊಂಡಿರಬೇಕು. ಹೌದು. ಅನುಪಲ್ಲವಿಗೆ ಹೋಗಿ ಪಲ್ಲವಿಗೆ ಬರುವುದು, ಚರಣಕ್ಕೆ ಹೋಗಿ ಪಲ್ಲವಿಗೆ ಬರುವುದು ನಮ್ಮ ಕಿವಿಗೆ ರೂಢಿಯಾದ ಸುಖ. ಆದರೆ ಎರಡು ವ್ಯತ್ಯಾಸಗಳಿವೆ, ಅವನ್ನು ಗಮನಿಸಬೇಕು.

ಮೊದಲನೆಯದು: ಅವರ ಪಲ್ಲವಿ ಪ್ರತಿ ಸಲವೂ ಪೂರ್ತಿಯಾಗಿ ಬರುವುದಿಲ್ಲ. ಮೂರು ನಾಲ್ಕು ತುಣುಕುಗಳನ್ನು ಜೋಡಿಸಿ ಮಾಡಿದ ಹಾಡು ಅದು. ಮಧ್ಯದಲ್ಲಿ ಬರುವಾಗ ಒಂದೊಂದು ತುಣುಕು ಮಾತ್ರ ಮುಖ ತೋರಿಸಿ ಹೋಗುತ್ತದೆ. ಕೇಳುವವನು ಉಳಿದದ್ದನ್ನು ನೆನಪಿನಿಂದ ತುಂಬಿಕೊಳ್ಳಬೇಕು.

ಎರಡನೆಯದು ಇನ್ನೂ ಮುಖ್ಯ. ನಮ್ಮಲ್ಲಿ ತಂಬೂರಿಯ ಷಡ್ಜ ಕಚೇರಿ ಮುಗಿಯುವವರೆಗೆ ಕದಲುವುದಿಲ್ಲ. ಅವರಲ್ಲಿ ಷಡ್ಜವೇ ಊರು ಬಿಟ್ಟು ಹೊರಡುತ್ತದೆ! ಒಂಟಿ ಪಿಟೀಲು ವಿಹರಿಸುತ್ತ ವಿಹರಿಸುತ್ತ ಪಂಚಮಕ್ಕೆ ಬಂದು, ಅದನ್ನೇ ಷಡ್ಜವೆಂದು ಹಿಡಿದು ನಿಂತುಬಿಡುತ್ತದೆ. ಆಗ ವೃಂದವೆಲ್ಲ ಆ ಹೊಸ ಜಾಗಕ್ಕೇ ಬಂದು, ಹಳೆಯ ಹಾಡನ್ನು ಅಲ್ಲಿ ಹಾಡುತ್ತದೆ. ಮುಂದಿನ ಸಲ ಮತ್ತೊಂದು ಸ್ವರ, ಮತ್ತೊಂದು ಊರು. ದಾರಿ ಹುಡುಕುವವನು ಒಬ್ಬ, ಅವನು ತಲುಪಿದ ಸ್ಥಳವನ್ನು 'ಇದೂ ನಮ್ಮದೇ' ಎಂದು ಒಪ್ಪಿಕೊಳ್ಳುವವರು ಎಲ್ಲರೂ. ಕಡೆಯಲ್ಲಿ ಮೊದಲಿನ ಷಡ್ಜಕ್ಕೆ ಬಂದು ಹಾಡು ಮುಗಿದಾಗ, ಊರೆಲ್ಲ ತಿರುಗಿ ಮನೆಯ ಜಗಲಿಯ ಮೇಲೆ ಕುಳಿತ ನೆಮ್ಮದಿ.

ಒಂಟಿ ಪಿಟೀಲಿನ ಭಾಷೆಯೂ ವೃಂದದ ಭಾಷೆಯೂ ಬೇರೆ ಬೇರೆ. ವೃಂದದ್ದು ಡಂಗುರದಂತೆ ನೇರವಾದ, ಒಮ್ಮೆ ಕೇಳಿದರೆ ಮರೆಯದ ಮಾತು. ಎಷ್ಟೋ ವೇಳೆ ಎಲ್ಲರೂ ಒಂದೇ ಸ್ವರವನ್ನು ಒಟ್ಟಾಗಿ ನುಡಿಸುತ್ತಾರೆ. ಒಂಟಿ ಪಿಟೀಲಿನದು ವೇಗ, ಬೆಡಗು. ಒಂದು ಸ್ವರಗುಚ್ಛವನ್ನು ಹಿಡಿದು, ಅದನ್ನೇ ಒಂದೊಂದು ಮೆಟ್ಟಿಲು ಇಳಿಸುತ್ತ, ಇಲ್ಲವೆ ಏರಿಸುತ್ತ ಹೋಗುವುದು ಅದಕ್ಕೆ ಬಲು ಪ್ರಿಯ. ಜಂಟಿವರಸೆ, ದಾಟುವರಸೆ ಕಲಿತ ಮಕ್ಕಳಿಗೆ ಇದು ತಕ್ಷಣ ಗುರುತು ಸಿಕ್ಕುತ್ತದೆ. ಇವೆಲ್ಲದರ ತಳದಲ್ಲಿ ಬಿಡದೆ ಸಾಗುವ ಒಂದು ನಡೆ ಇದೆ; ಬಂಡಿಯ ಚಕ್ರ ಉರುಳಿದ ಹಾಗೆ.

ಆ ನಡೆಯನ್ನು ಕಾಯುವವರು ಇಬ್ಬರು: ತಗ್ಗುಸ್ಥಾಯಿಯ ಚೆಲ್ಲೊ, ಜೊತೆಗೆ ಹಾರ್ಪ್ಸಿಕಾರ್ಡ್ ಎಂಬ, ತಂತಿಗಳನ್ನು ಮೀಟುವ ಮನೆವಾದ್ಯ. ಈ ಹಾರ್ಪ್ಸಿಕಾರ್ಡ್ ವಾದಕನ ಮುಂದಿರುವ ಹಾಳೆಯಲ್ಲಿ ಬರೆದಿರುವುದು ತಗ್ಗಿನ ಒಂದೇ ಸಾಲು. ಅದರ ಜೊತೆಗೆ ಅಲ್ಲಲ್ಲಿ ಅಂಕಿಗಳು. 6 ಎಂದಿದ್ದರೆ ಆ ಸ್ವರದಿಂದ ಎಣಿಸಿ ಆರನೆಯದನ್ನೂ ಅದಕ್ಕೆ ಒಪ್ಪುವುದನ್ನೂ ಸೇರಿಸಿ ನುಡಿಸು ಎಂದರ್ಥ. ಉಳಿದದ್ದೆಲ್ಲ ಅವನ ಮನೋಧರ್ಮ. ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲವೂ ಬರೆದಿಟ್ಟದ್ದು, ಕಲ್ಪನೆಗೆ ಅವಕಾಶವಿಲ್ಲ ಎಂದು ನಮ್ಮಲ್ಲಿ ಹೇಳುವುದುಂಟು. ಬರೋಕ್ ಕಾಲಕ್ಕೆ ಆ ಮಾತು ಸಲ್ಲುವುದಿಲ್ಲ. ವಿಳಂಬದ ಅಂಕಣದಲ್ಲಂತೂ ಹಲವು ವೇಳೆ ಬರೆದಿರುವುದು ಬರಿಯ ಎಲುಬಿನ ಗೂಡು. ಮಾಂಸ, ಬಣ್ಣ, ಆಭರಣಗಳನ್ನು ತೊಡಿಸುವುದು ವಾದಕನ ಕೆಲಸ. ಬರ್ಲಿನ್ನಿನ ಆಸ್ಥಾನದ ಕೊಳಲುಗಾರ ಕ್ವಾಂಟ್ಸ್ 1752ರಲ್ಲಿ ಬರೆದ ಗ್ರಂಥದಲ್ಲಿ ಈ ಅಲಂಕಾರಗಳಿಗೆ ಎಷ್ಟೋ ಪುಟಗಳನ್ನು ಮೀಸಲಿಟ್ಟಿದ್ದಾನೆ. 1715ರಲ್ಲಿ ವೆನಿಸ್ಸಿನ ನಾಟಕಶಾಲೆಯೊಂದರಲ್ಲಿ ವಿವಾಲ್ಡಿ ಸ್ವತಃ ನುಡಿಸಿದ್ದನ್ನು ಕೇಳಿದ ಉಫೆನ್‌ಬಾಖ್ ಎಂಬ ಜರ್ಮನ್ ಪ್ರವಾಸಿ, ಅವನ ಬೆರಳು ಕುದುರೆಯಿಂದ ಒಂದು ಹುಲ್ಲುಕಡ್ಡಿಯಷ್ಟು ದೂರದವರೆಗೂ ಏರಿದ್ದನ್ನು ಕಂಡು ಭಯವಾಯಿತೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟ.

ಇಷ್ಟು ಮಾತಾಯಿತು, ಇನ್ನು ಕಿವಿಯಿಂದ ಕೇಳೋಣ. 1725ರಲ್ಲಿ ಅಚ್ಚಾದ 'ನಾಲ್ಕು ಋತುಗಳು' ಎಂಬ ಗುಚ್ಛದಿಂದ 'ವಸಂತ'ದ ಮೊದಲ ಅಂಕಣ. ಮೂರೂವರೆ ನಿಮಿಷ ಮಾತ್ರ.

(ಇಲ್ಲಿ ಧ್ವನಿಮುದ್ರಿಕೆಯನ್ನು ಕೇಳಿಸಲಾಯಿತು.)

ಕೇಳಿದಿರಿ. ಮೊದಲು ವಸಂತ ಬಂದಿತೆಂಬ ಸಂಭ್ರಮದ ಹಾಡು. ಪ್ರತಿ ಪಾದವನ್ನೂ ಎರಡು ಸಲ, ಒಮ್ಮೆ ಗಟ್ಟಿಯಾಗಿ, ಒಮ್ಮೆ ಪ್ರತಿಧ್ವನಿಯಂತೆ ಮೆಲ್ಲಗೆ. ಮುಂದೆ ಮತ್ತೆ ಮತ್ತೆ ಮರಳಿದ್ದು ಆ ಎರಡನೆಯ ಪಾದ. ನಡುನಡುವೆ ಮೂರು ಪಿಟೀಲುಗಳು ಸೇರಿ ಹಕ್ಕಿಗಳಾದವು. ತೊರೆ ಹರಿಯಿತು. ಗುಡುಗು ಮಿಂಚು ಬಂದವು. ಗುಡುಗು ನಿಂತ ಮೇಲೆ ಹಾಡು ಮರಳಿತಲ್ಲ, ಆಗ ನಿಮಗೆ ಏನೋ ಬೇರೆಯಾಗಿ ಕೇಳಲಿಲ್ಲವೆ? ಅದೇ ಹಾಡು, ಅದೇ ನಡೆ. ಆದರೆ ಷಡ್ಜ ಈಗ ಹಳೆಯ ಧೈವತಕ್ಕೆ ಸರಿದಿದೆ. ಶಂಕರಾಭರಣದಂತಿದ್ದ ಮುಖಕ್ಕೆ ಕೀರವಾಣಿಯ ಛಾಯೆ ಬಿದ್ದಿದೆ. ಬಿರುಗಾಳಿಯನ್ನು ಕಂಡು ಬಂದವನ ನಗೆಯಲ್ಲಿ ಒಂದು ಎಳೆ ವಿಷಾದ ಉಳಿದಿರುವ ಹಾಗೆ. ಹಕ್ಕಿಗಳು ಅಳುಕುತ್ತ ಮತ್ತೆ ದನಿ ತೆಗೆಯುತ್ತವೆ. ಆಮೇಲೆ ತಾನೆ ಹಾಡು ತನ್ನ ಊರಿಗೆ ಬರುವುದು? ಮೊದಲು ಕೇಳಿದಾಗ ಬರಿಯ ಉಲ್ಲಾಸವಾಗಿದ್ದುದು ಈಗ ಸಮಾಧಾನವಾಗಿದೆ. ಮರಳಿಕೆಯಿಂದ ಅರ್ಥ ಬೆಳೆಯುವುದೆಂದರೆ ಇದು.

ಇದರ ಎರಡನೆಯ ಅಂಕಣವನ್ನು ಮನೆಯಲ್ಲಿ ಬಿಡುವಾದಾಗ ಕೇಳಿ. ಹುಲ್ಲಿನ ಮೇಲೆ ಮಲಗಿದ ಮೇಕೆ ಕಾಯುವವನು ಒಂಟಿ ಪಿಟೀಲು. ಎಲೆಗಳ ಮರ್ಮರ ಉಳಿದ ಪಿಟೀಲುಗಳದು. ವಿಯೋಲ ಎಂಬ ವಾದ್ಯ ಎರಡೇ ಸ್ವರಗಳಲ್ಲಿ ಬೊಗಳುವ ಅವನ ನಾಯಿ. ಚೆಲ್ಲೊ ಹಾರ್ಪ್ಸಿಕಾರ್ಡುಗಳು ಅಲ್ಲಿ ಸುಮ್ಮನಿರುತ್ತವೆ. ತಳದ ನೆಲವೇ ಇಲ್ಲದೆ ತೇಲುವ ಸಂಗೀತ, ನಿದ್ದೆಯ ಹಾಗೆ. ಮೂರನೆಯದು ಹಳ್ಳಿಯವರ ಕುಣಿತ. ಅಲ್ಲಿ ಕುರುಬರ ಚೀಲವಾದ್ಯವನ್ನು ಅನುಕರಿಸಿ ತಗ್ಗಿನ ತಂತಿಗಳು ಒಂದೇ ಸ್ವರವನ್ನು ಎಳೆದು ಹಿಡಿಯುತ್ತವೆ. ಅದನ್ನು ಕೇಳಿದಾಗ ನಮ್ಮ ಶ್ರುತಿಪೆಟ್ಟಿಗೆಯ ನೆನಪಾಗದಿರದು.

ಇಂಥ ಸಂಗೀತವನ್ನು ವಿವಾಲ್ಡಿ ಯಾರಿಗಾಗಿ ಬರೆದ? ರಾಜರಿಗೆ, ಶ್ರೀಮಂತರಿಗೆ ಬರೆದದ್ದೂ ಉಂಟು. ಆದರೆ ಬಹುಭಾಗವನ್ನು ಬರೆದದ್ದು ಅನಾಥ ಹೆಣ್ಣುಮಕ್ಕಳಿಗಾಗಿ. ವೆನಿಸ್ಸಿನಲ್ಲಿ ಪಿಯೆಟಾ ಎಂಬ ಅನಾಥಾಲಯವಿತ್ತು. ಹೆತ್ತವರು ಸಾಕಲಾರದ ಕೂಸುಗಳನ್ನು ಗೋಡೆಯ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದರು. ಗಂಡುಮಕ್ಕಳು ದೊಡ್ಡವರಾದ ಮೇಲೆ ಕಸಬು ಹಿಡಿದು ಹೊರಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಸಂಗೀತದ ಸಂಸ್ಕಾರವಿದ್ದವರಿಗೆ ಅಲ್ಲಿಯೇ ಶಿಕ್ಷಣ. 1703ರಲ್ಲಿ, ಪಾದ್ರಿಯಾಗಿ ದೀಕ್ಷೆ ಪಡೆದ ವರ್ಷವೇ, ವಿವಾಲ್ಡಿ ಅವರಿಗೆ ಪಿಟೀಲಿನ ಮೇಷ್ಟರಾಗಿ ಸೇರಿದ. ನಡುನಡುವೆ ಬಿಟ್ಟು ಹೋಗಿ ಬಂದರೂ ಆ ಸಂಬಂಧ ದಶಕಗಳ ಕಾಲ ನಡೆಯಿತು. 1723ರಲ್ಲಿ ಸಂಸ್ಥೆಯವರು ಅವನೊಂದಿಗೆ ತಿಂಗಳಿಗೆ ಎರಡು ಕಾನ್ಚೆರ್ಟೊ ಬರೆದುಕೊಡಬೇಕೆಂದು ಕರಾರು ಮಾಡಿಕೊಂಡರು.

ಆ ಹುಡುಗಿಯರು ಉಪ್ಪರಿಗೆಯ ಜಾಲಂಧ್ರದ ಮರೆಯಲ್ಲಿ ನಿಂತು ನುಡಿಸುತ್ತಿದ್ದರು. ಕೇಳುವವರಿಗೆ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ನಾದ ಮಾತ್ರ ಕೇಳುತ್ತಿತ್ತು. ಅವರಿಗೆ ಮನೆತನದ ಹೆಸರಿರಲಿಲ್ಲ. ಆದ್ದರಿಂದ ನುಡಿಸುವ ವಾದ್ಯವೇ ಮನೆತನವಾಯಿತು. ಅವರಲ್ಲಿ ಅತ್ಯಂತ ಪ್ರಸಿದ್ಧಳಾದವಳ ಹೆಸರು 'ಪಿಟೀಲಿನ ಆನ್ನಾ ಮರಿಯಾ'. ಅವಳಿಗೆಂದೇ ವಿವಾಲ್ಡಿ ಹಲವು ಕಾನ್ಚೆರ್ಟೊಗಳನ್ನು ಬರೆದ. ತಂದೆ ಯಾರು, ತಾಯಿ ಯಾರು ಎಂದು ಹೇಳಲಾಗದ ಹುಡುಗಿ ಒಬ್ಬಳೇ ನಿಂತು ತನ್ನ ಮಾತನ್ನು ಆಡುತ್ತಾಳೆ. ಅವಳ ಸುತ್ತ ಅವಳಂಥವರೇ ನಲವತ್ತು ಐವತ್ತು ಮಂದಿ ಇದ್ದು, ಅವಳು ಎಲ್ಲಿಗೆ ಹೋದರೂ ಅಲ್ಲಿಗೆ ಬಂದು ಆಸರೆಯಾಗುತ್ತಾರೆ. ನಾನು ಆಗ ಹೇಳಿದ ರಿಟೊರ್ನೆಲೊ ಬರಿಯ ಶಾಸ್ತ್ರವಲ್ಲವೆಂದು ನನಗೆ ತಿಳಿದದ್ದು ಈ ಸಂಗತಿಯನ್ನು ಓದಿದ ಮೇಲೆ.

ವಿವಾಲ್ಡಿ ಬರೆದ ಕಾನ್ಚೆರ್ಟೊಗಳು ಐನೂರರ ಸಮೀಪ. ಒಂಟಿ ಪಿಟೀಲಿಗೇ 200ಕ್ಕೂ ಹೆಚ್ಚು. ಬಸೂನ್ ಎಂಬ ತಗ್ಗುದನಿಯ ಊದುವ ವಾದ್ಯಕ್ಕೆ 30ಕ್ಕೂ ಹೆಚ್ಚು. ಒಂದೇ ಕಾನ್ಚೆರ್ಟೊವನ್ನು ನೂರಾರು ಸಲ ಬರೆದ ಎಂದು ಕುಹಕವಾಡಿದವರಿದ್ದಾರೆ. ಎರಕ ಒಂದೇ ಎಂಬುದು ನಿಜ. ತ್ಯಾಗರಾಜರ ನೂರಾರು ಕೃತಿಗಳಿಗೂ ಪಲ್ಲವಿ ಅನುಪಲ್ಲವಿ ಚರಣಗಳ ಎರಕ ಒಂದೇ ತಾನೆ? ಅವರು ಒಂದೇ ಕೃತಿಯನ್ನು ರಚಿಸಿದರೆಂದು ಯಾರೂ ಹೇಳಲಿಲ್ಲ. ಎರಕ ಒಂದಾದರೂ ದೇವರು ಬೇರೆ ಬೇರೆ.

ಈ ಎರಕದ ಬೆಲೆಯನ್ನು ಅರಿತವನು ಬಾಖ್. ವೈಮಾರ್ ಆಸ್ಥಾನದ ಕಿರಿಯ ರಾಜಕುಮಾರ ಯೋಹಾನ್ ಅರ್ನ್ಸ್ಟ್ 1713ರಲ್ಲಿ ಹಾಲೆಂಡಿನಿಂದ ಮರಳುವಾಗ ಹೊಸ ಸಂಗೀತದ ಹಾಳೆಗಳನ್ನು ತಂದ. ಆಸ್ಥಾನದ ಆರ್ಗನ್ ವಾದಕನಾಗಿದ್ದ ಬಾಖ್ ಆಗ ವಿವಾಲ್ಡಿಯ ಹಲವು ಕಾನ್ಚೆರ್ಟೊಗಳನ್ನು ಆರ್ಗನ್ನಿಗೂ ಹಾರ್ಪ್ಸಿಕಾರ್ಡಿಗೂ ಅಳವಡಿಸಿ ಬರೆದು ಕಲಿತ. ಆ ರಾಜಕುಮಾರ 1715ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲೇ ತೀರಿಕೊಂಡ. ಅವನು ತಂದ ಬೀಜ ಮಾತ್ರ ಉಳಿಯಿತು. ಬಾಖ್ 1721ರಲ್ಲಿ ಬ್ರಾಂಡೆನ್‌ಬುರ್ಗಿನ ಪ್ರಭುವಿಗೆ ಅರ್ಪಿಸಿದ ಆರು ಕಾನ್ಚೆರ್ಟೊಗಳಲ್ಲಿ ಐದನೆಯದನ್ನು ಕೇಳಿ. ಅದುವರೆಗೆ ಅಡಿಗೆಮನೆಯಲ್ಲಿ ದುಡಿಯುವವಳಂತೆ ಹಿಂದೆಯೇ ಇದ್ದ ಹಾರ್ಪ್ಸಿಕಾರ್ಡ್ ಅಲ್ಲಿ ಮೆಲ್ಲಮೆಲ್ಲಗೆ ಮುಂದಕ್ಕೆ ಬರುತ್ತದೆ. ಮೊದಲ ಅಂಕಣದ ಕೊನೆಯಲ್ಲಿ ಎಲ್ಲರೂ ಬೆರಗಾಗಿ ಸುಮ್ಮನಾಗುತ್ತಾರೆ. ಅದೊಂದೇ 65 ಆವರ್ತದಷ್ಟು ಹೊತ್ತು ಮಾತನಾಡುತ್ತದೆ. ಅದು ಮುಗಿಯುತ್ತಲೂ ರಿಟೊರ್ನೆಲೊ ಬಂದು ಅದನ್ನು ಕೈಹಿಡಿದು ಮನೆಗೆ ಕರೆದೊಯ್ಯುತ್ತದೆ. ಜೊತೆಗಾರನಿಗೂ ಒಂದು ದಿನ ತನ್ನ ಮಾತು ಇರುತ್ತದೆ ಎಂಬುದನ್ನು ಇಷ್ಟು ಸೊಗಸಾಗಿ ಹೇಳಿದ ಸಂಗೀತವನ್ನು ನಾನು ಕೇಳಿಲ್ಲ.

ವಿವಾಲ್ಡಿಯ ಕೊನೆ ಸುಖದ್ದಲ್ಲ. ವೆನಿಸ್ಸಿನಲ್ಲಿ ರುಚಿ ಬದಲಾಯಿತು. ಅವನು ವಿಯೆನ್ನಾ ನಗರಕ್ಕೆ ಹೋಗಿ, 1741ರ ಜುಲೈ 28ರಂದು ಬಡತನದಲ್ಲಿ ತೀರಿಕೊಂಡ. ಮುಂದೆ ಸುಮಾರು ಎರಡು ಶತಮಾನ ಅವನನ್ನು ಬಹುಮಟ್ಟಿಗೆ ಮರೆತೇಬಿಟ್ಟರು. ಬಾಖನ ಅಭ್ಯಾಸಿಗಳು ಮಾತ್ರ ಅವನ ಹೆಸರನ್ನು ಎತ್ತುತ್ತಿದ್ದರು. 1926ರಲ್ಲಿ ಇಟಲಿಯ ಮೊನ್‌ಫೆರಾಟೊ ಪ್ರಾಂತದ ಒಂದು ಮಠದವರು, ಕಟ್ಟಡದ ರಿಪೇರಿಗೆ ಹಣ ಬೇಕಾಗಿ, ತಮ್ಮಲ್ಲಿದ್ದ ಹಳೆಯ ಸಂಗೀತದ ಕಟ್ಟುಗಳಿಗೆ ಎಷ್ಟು ಬೆಲೆ ಬಂದೀತೆಂದು ಟ್ಯುರಿನ್ ನಗರದ ಗ್ರಂಥಾಲಯವನ್ನು ಕೇಳಿದರು. ಬಿಚ್ಚಿ ನೋಡಿದರೆ ಸಂಪುಟದ ಮೇಲೆ ಸಂಪುಟ ವಿವಾಲ್ಡಿಯ ಸ್ವಹಸ್ತಾಕ್ಷರ! ಗ್ರಂಥಾಲಯದಲ್ಲಿ ಕೊಳ್ಳುವಷ್ಟು ಹಣವಿಲ್ಲ. ಆಗ ರೊಬೆರ್ಟೊ ಫೋವಾ ಎಂಬ ಗೃಹಸ್ಥರು ಅವನ್ನು ಕೊಂಡು ದಾನ ಮಾಡಿದರು. ಸಂಗ್ರಹದ ಇನ್ನರ್ಧ ಜಿನೋವಾ ನಗರದ ಒಂದು ಮನೆತನದಲ್ಲಿ ಇದ್ದದ್ದು ಪತ್ತೆಯಾದಾಗ, 1930ರಲ್ಲಿ ಫಿಲಿಪ್ಪೊ ಜೋರ್ಡಾನೊ ಎಂಬ ಇನ್ನೊಬ್ಬರು ಅದನ್ನೂ ಕೊಂಡು ಕೊಟ್ಟರು. ಇಬ್ಬರೂ ತಂದೆಯರು, ಇಬ್ಬರೂ ತಮ್ಮ ಎಳೆಯ ಗಂಡುಮಗುವನ್ನು ಕಳೆದುಕೊಂಡವರು. ಮಾವ್ರೊ, ರೆಂಜೊ ಎಂಬ ಆ ಮಕ್ಕಳ ಹೆಸರಿನಲ್ಲಿಯೇ ಆ ಸಂಗ್ರಹಗಳು ಇಂದಿಗೂ ಟ್ಯುರಿನ್ನಿನಲ್ಲಿವೆ. ತಂದೆತಾಯಿಯಿಲ್ಲದ ಮಕ್ಕಳಿಗಾಗಿ ಹುಟ್ಟಿದ ಸಂಗೀತವನ್ನು ಮಕ್ಕಳನ್ನು ಕಳೆದುಕೊಂಡ ತಂದೆಯರು ಉಳಿಸಿದರು. ಇದಕ್ಕೆ ನಾನು ಸೇರಿಸಬೇಕಾದ ಮಾತೇನೂ ಇಲ್ಲ.

ಕಾರ್ಯದರ್ಶಿಗಳ ಪ್ರಶ್ನೆಗೆ ಮರಳುತ್ತೇನೆ. ರಿಟೊರ್ನೆಲೊ ಎಂದ ಮೇಲೆ ಮರಳಲೇಬೇಕಲ್ಲ! ಪರದೇಶದ ಸಂಗೀತವನ್ನು ಕೇಳಿದರೆ ನಮ್ಮದು ಕೈಬಿಟ್ಟುಹೋಗುತ್ತದೆಂಬ ಭಯ ಬೇಡ. ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ನಮ್ಮ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನೂ ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದವರು. 1948ರಲ್ಲಿ ಲಂಡನ್ನಿನ ಫಿಲಾರ್ಮೋನಿಯ ಸಂಗೀತ ಸಂಘದ ಮೊದಲ ಅಧ್ಯಕ್ಷರಾದವರೂ ಅವರೇ. ಒಂದು ಕಿವಿ ತೆರೆದರೆ ಇನ್ನೊಂದು ಮುಚ್ಚುವುದಿಲ್ಲ.

ನಾವು ಊರು ಬಿಟ್ಟು ಬಂದವರು. ಈ ಮಹಾನಗರದಲ್ಲಿ ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದು ವಿಹಾರಕ್ಕೆ ಹೊರಟ ಒಂಟಿ ದನಿಗಳು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಇಲ್ಲಿ ಸೇರುತ್ತೇವೆ. ನಮ್ಮ ಮಕ್ಕಳ ಕನ್ನಡದಲ್ಲಿ ಈ ಊರಿನ ಮಾತುಗಳು ಬೆರೆತಿವೆ, ಉಚ್ಚಾರ ಸ್ವಲ್ಪ ಸರಿದಿದೆ ಎಂದು ಹಿರಿಯರು ನೊಂದುಕೊಳ್ಳುವುದನ್ನು ಕೇಳಿದ್ದೇನೆ. ನೋವು ಸಹಜ, ನನಗೂ ಇದೆ. ಆದರೆ ಷಡ್ಜ ಸರಿದ ಮೇಲೂ, ತುಣುಕು ತುಣುಕಾಗಿ ಬಂದರೂ, ಹಾಡಿನ ಗುರುತು ಹತ್ತುವುದನ್ನು ಈಗ ತಾನೆ ನಾವೆಲ್ಲ ಕೂಡಿ ಕೇಳಿದೆವು. ಗುರುತು ಹತ್ತಬೇಕಾದರೆ ಮೂಲದ ಹಾಡು ಒಮ್ಮೆಯಾದರೂ ಪೂರ್ತಿಯಾಗಿ ಕಿವಿಗೆ ಬಿದ್ದಿರಬೇಕು. ಅದನ್ನು ಮಕ್ಕಳಿಗೆ ಕೇಳಿಸುವ ಹೊಣೆ ಮಾತ್ರ ನಮ್ಮದು.